ಬಾಗಿಲಿಲ್ಲದ ಕೋಣೆಗೆ ಹೊಕ್ಕ ಹುಲಿ

ಮೊದಲೇ ಹೇಳಿಬಿಡ್ತೇನೆ ಮಾರಾಯ್ರೆ, ಹೋದ ಶನಿವಾರ ನನ್ನಂಥ ಹೆಡ್ಡ ಬೈಂದೂರಿಂದ ಬ್ರಹ್ಮಾವರದವರೆಗೆ ಟಾರ್ಚು ಹಾಕಿ ಹುಡುಕಿದ್ರೂ ಇನ್ನೊಬ್ಬ ಸಿಕ್ತಿರಲಿಲ್ಲ. ನಮ್ಮ ಭಜನಾ ಮಂದಿರದ ವಾರ್ಷಿಕೋತ್ಸವ ಅವತ್ತು. ಮಕ್ಕಳದ್ದು ಛದ್ಮವೇಷ ಇತ್ತು. ಪಕ್ಕದ ಕೋಣೆಯಲ್ಲಿ ಮಕ್ಕಳೆಲ್ಲ ಬಣ್ಣ ಬಳಿದುಕೊಂಡು ಕೂತಿದ್ರು. ಪಾಪ, ಸ್ಟೇಜು ಅಂದ್ರೆ ಹೆದರಿರ್ತಾವೆ, ಸ್ವಲ್ಪ ನಗಿಸುವ ಅಂತ ನನಗೊಂದು ಐಡಿಯಾ ಬಂತು. ನನಗೆ ಐಡಿಯಾ ಬಂತು ಅಂದ್ರೆ ಸಾಕು, ನನ್ನ ಹೆಂಡತಿ ಗ್ಯಾಸ್ ಆಫ್ ಮಾಡಿ ಬಂದು ಎದುರಿಗೆ ಕೂರ್ತಾಳೆ. ಅಷ್ಟು ಅನುಭವ ಅವಳಿಗೆ. ಅವತ್ತು ಅವಳು ಭಜನೆ ಮುಗಿದ ಮೇಲೆ ಹಂಚುವ ಪನಿವಾರಕ್ಕೆ ಅವಲಕ್ಕಿ ಕಲಸ್ತಾ ಇದ್ದಳು. ತಡೆಯುವವರು ಯಾರೂ ಇರಲಿಲ್ಲ.

ಕುಂದಾಪುರದಿಂದ ಬಾಡಿಗೆಗೆ ತಂದ ಹುಲಿವೇಷ ಹಾಕಿಕೊಂಡೆ. ಹೊಟ್ಟೆ ನನ್ನದು, ಪಟ್ಟೆ ಹುಲಿಯದ್ದು. ತಂತಿ ಹಾಕಿದ ಬಾಲ ಹಿಂದೆ ನೆಟ್ಟಗೆ ನಿಂತಿತ್ತು. ಒಂದು ಕೈಯಲ್ಲಿ ಲಾಡಿನ ಡಬ್ಬಿ ಹಿಡಿದು ಒಂದೇ ಜಿಗಿತಕ್ಕೆ ಮಕ್ಕಳ ಕೋಣೆಯೊಳಗೆ ಬಿದ್ದೆ. ಬಿದ್ದೆ ಅಂದ್ರೆ ನಿಜಕ್ಕೂ ಬಿದ್ದೆ.

ಒಂದು ಮಗುವೂ ನಗಲಿಲ್ಲ. ಮೀನು ಮಾರುವ ಹೆಂಗಸಿನ ವೇಷ ಹಾಕಿದ್ದ ಶ್ರಾವ್ಯ ಎದ್ದು ನಿಂತಳು. ಮೂರನೇ ಕ್ಲಾಸಿನ ಹುಡುಗಿ. ತಲೆಮೇಲೆ ಬುಟ್ಟಿ, ಬುಟ್ಟಿಯಲ್ಲಿ ರಟ್ಟಿನ ಬಂಗುಡೆ.

"ಹ್ವಾಯ್, ನೀವ್ ಒಬ್ರೇ ಒಳಗ್ ಬಪ್ಕಾಗ," ಅಂದಳು.

ನಾನು ಮುಖವಾಡ ಎತ್ತಿದೆ. "ನಾನ್ ಮಾರಾಯ್ತಿ. ಮಂದಿರದ ಕಾರ್ಯದರ್ಶಿ."

"ಕಾರ್ಯದರ್ಶಿ ಆದ್ರೂ ಅಷ್ಟೇ. ಇನ್ನೊಬ್ರನ್ನ ಕರ್ಕಂಡ್ ಬನ್ನಿ."

"ಲಾಡು ಇತ್ತ್ ಕಾಣ್."

"ಲಾಡು ಹೊರಗೆ ಕೊಡಿ."

ಅಷ್ಟು ಹೇಳಿ ಅವಳು ಕಾದಳಾ? ಇಲ್ಲ. ಗೋಡೆಯಲ್ಲಿ ಮಕ್ಕಳ ಎತ್ತರಕ್ಕೆ ತೂಗುಹಾಕಿದ ಜಾಗಟೆಯನ್ನು ಕೋಲು ತೆಗೆದು ಬಾರಿಸಿಯೇಬಿಟ್ಟಳು. ಹೊರಗೆ ಭಜನೆ ನಿಂತಿತು. ಎಲ್ಲರಿಗಿಂತ ಮುಂಚೆ ಬಂದವರು ನನ್ನ ಶೀನ ಚಿಕ್ಕಪ್ಪ. ಮಂಡಿ ನೋವು ಅಂತ ಮನೆಯ ಮೆಟ್ಟಿಲು ಇಳಿಯುವುದಕ್ಕೂ ಜನ ಬೇಕು ಅನ್ನುವ ಮನುಷ್ಯ, ಊರುಗೋಲು ಎತ್ತಿಕೊಂಡು ಓಡಿ ಬಂದು ಹುಲಿಯ ಬೆನ್ನಿಗೆ ಎರಡು ಬಿಟ್ಟರು. ನಾನು ಅಂತ ಗೊತ್ತಾದ ಮೇಲೆ ಇನ್ನೊಂದು ಬಿಟ್ಟರು. ತಪ್ಪಿಸಿಕೊಳ್ಳುವ ಅಂತ ತಿರುಗಿದ್ರೆ ಬಾಲ ಕಿಟಕಿಯ ಸರಳಿಗೆ ಸಿಕ್ಕಿಬಿತ್ತು. ಊರಿಡೀ ಬಂದು ನೋಡಿತು.

ಇದರಲ್ಲಿ ನಾಚಿಕೆಯ ಸಂಗತಿ ಬಾಲ ಸಿಕ್ಕಿದ್ದಲ್ಲ. ದೊಡ್ಡವರು ಯಾರೂ ಒಬ್ಬರೇ ಮಕ್ಕಳ ಕೋಣೆಗೆ ಹೋಗಬಾರದು, ಹೋದರೆ ಮಕ್ಕಳು ಜಾಗಟೆ ಬಾರಿಸಬೇಕು ಅನ್ನುವ ನಿಯಮ ಉಂಟಲ್ಲ, ಅದನ್ನು ಪ್ರತಿ ಮೇ ರಜೆಯಲ್ಲಿ ಮಕ್ಕಳಿಗೆ ಹೇಳಿಕೊಡುವವ ನಾನೇ. ನಟನೆ ಮಾಡಿ ತೋರಿಸಿ, ಚಂದ ಮಾಡಿ ಹೇಳಿಕೊಡ್ತೇನೆ. ಆ ಜಾಗಟೆಯೂ ಒಂದು ಕಾಲದಲ್ಲಿ ನನ್ನದೇ. ಅದರ ಕತೆಗೆ ಆಮೇಲೆ ಬರ್ತೇನೆ.

ನಮ್ಮ ಮಂದಿರಕ್ಕೆ ಹೊಸಬರು ಬಂದ್ರೆ ಮೊದಲು ಕೇಳುವುದು ಆ ಕೋಣೆಯ ಬಗ್ಗೆ. ಕಟ್ಟಡಕ್ಕೆ ಗ್ರಾನೈಟ್ ನೆಲ ಉಂಟು, ದೇವರ ಎದುರಿಗೆ ಹಿತ್ತಾಳೆ ಕಂಬ ಉಂಟು, ಪಕ್ಕದ ಕೋಣೆಗೆ ಮಾತ್ರ ಬಾಗಿಲಿಲ್ಲ. ಬಾಗಿಲಿನ ಚೌಕಟ್ಟು ಉಂಟು, ಬಿಜಾಗರಿಯ ಮೊಳೆ ಕಿತ್ತ ತೂತು ಉಂಟು, ಬಾಗಿಲು ಇಲ್ಲ. ಬೆಕ್ಕು ಹಾರ್ಮೋನಿಯಂ ಮೇಲೆ ಮರಿ ಹಾಕಿದೆ. ಮಳೆಗಾಲದಲ್ಲಿ ಏಡಿ ಬಂದು ತಾಳದ ಪೆಟ್ಟಿಗೆಯಲ್ಲಿ ಕೂತದ್ದುಂಟು. ಮುಂಬೈಯಲ್ಲಿ ಹೋಟೆಲು ಇಟ್ಟ ಒಬ್ಬರು "ಸಾಗುವಾನಿ ಬಾಗಿಲು ನನ್ನ ಲೆಕ್ಕದಲ್ಲಿ" ಅಂತ ಎದ್ದು ನಿಂತು ಹೇಳಿದ್ರು. ಕಾವೇರಿ ಚಿಕ್ಕಿ ಅವರಿಗೆ ಒಂದು ಲೋಟ ಪಾನಕ ಕೊಟ್ಟು, "ಬಾಗ್ಲ್ ಬ್ಯಾಡ. ಬೇಕಾರೆ ಒಂದ್ ಫ್ಯಾನ್ ಹಾಕ್ಸಿ," ಅಂದಳು.

ಕಾವೇರಿ ಚಿಕ್ಕಿ ಅಂದ್ರೆ ನನ್ನ ಅಬ್ಬಿಯ, ಅಂದ್ರೆ ಅಮ್ಮನ, ತಂಗಿ. ಶೀನ ಚಿಕ್ಕಪ್ಪ ಅವಳ ಗಂಡ, ಆ ಕಾಲಕ್ಕೆ ಎರಡು ಬೋಟಿನ ಧಣಿ, ಮಂದಿರದ ಅಧ್ಯಕ್ಷರು. ಚಿಕ್ಕಿ ಮಹಿಳಾ ಭಜನಾ ಮಂಡಳಿಯ ಅಧ್ಯಕ್ಷೆ. ಮನೆಯಲ್ಲಿ ಯಾರು ಅಧ್ಯಕ್ಷರು ಅಂತ ನಾನು ಬರೆದರೆ ನಾಳೆ ಆ ಮನೆಯಲ್ಲಿ ನನಗೆ ಊಟ ಸಿಕ್ಕುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು. ನಾನು ಬಿ.ಕಾಂ. ಪರೀಕ್ಷೆಯನ್ನು ಹಬ್ಬದ ಹಾಗೆ ವರ್ಷಕ್ಕೊಂದು ಸಲ ಆಚರಿಸ್ತಿದ್ದ ಕಾಲ. ಮಂದಿರದ ಸಮಿತಿಯಲ್ಲಿ ಯುವಕರ ಪರವಾಗಿ ಇದ್ದೆ. ಹೇಗೆ ಆರಿಸಿ ಬಂದೆ ಅಂದ್ರೆ, ಮಹಾಸಭೆಯ ದಿನ ಮೂತ್ರಕ್ಕೆ ಅಂತ ಎದ್ದು ಹೊರಗೆ ಹೋಗಿದ್ದೆ, ಬರುವಷ್ಟರಲ್ಲಿ ಅವಿರೋಧ ಆಯ್ಕೆ ಆಗಿತ್ತು.

ಆಗ ನಮಗೊಬ್ಬರು ಭಜನೆ ಮಾಷ್ಟ್ರು ಸಿಕ್ಕಿದ್ರು. ಘಟ್ಟದ ಮೇಲಿನ ಒಂದು ಮಠದವರು ಕಳಿಸಿಕೊಟ್ಟದ್ದು. ಚಿಕ್ಕಪ್ಪನೇ ಹೋಗಿ, ಶಾಲು ಹೊದೆಸಿ, ಜೀಪಿನಲ್ಲಿ ಕರ್ಕೊಂಡು ಬಂದಿದ್ರು. ಅವರು ಬಂದ ಮೇಲೆ ನಮ್ಮ ಮಂದಿರದ ಕಳೆಯೇ ಬೇರೆ ಆಯ್ತು, ಸುಳ್ಳು ಹೇಳುವುದಿಲ್ಲ. ಅದುವರೆಗೆ ನಮ್ಮ ಭಜನೆ ಕೇಳಿದ್ರೆ ಬಲೆ ಎಳೆಯುವವರು ಒಟ್ಟಿಗೆ ಬೊಬ್ಬೆ ಹೊಡೆದ ಹಾಗಿತ್ತು. ಮಾಷ್ಟ್ರು ಮಕ್ಕಳಿಗೆ ರಾಗ ಕಲಿಸಿದ್ರು. ನವರಾತ್ರಿಗೆ ಕೊಲ್ಲೂರಿಗೆ ಹೋಗಿ ನಮ್ಮ ಮಕ್ಕಳು ಹಾಡಿ ಬಂದ್ರು. ಲಾಡ್ಜಿನ ವರಾಂಡದಲ್ಲಿ ನಿಂತ ಯಾತ್ರಿಕರೆಲ್ಲ ಯಾವ ಊರಿನ ಮಕ್ಕಳು ಅಂತ ಕೇಳಿದ್ರಂತೆ. ಚಿಕ್ಕಪ್ಪ ಆ ಮಾತನ್ನು ಮೀನು ಇಳಿಯುವ ಜಾಗದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ರು. ನನ್ನ ತಾಳದ ಜ್ಞಾನ ನೋಡಿ ಮಾಷ್ಟ್ರು ನನ್ನ ಕೈಗೆ ಜಾಗಟೆ ಕೊಟ್ಟಿದ್ರು. ಜಾಗಟೆಗೆ ಸ್ವರ ಒಂದೇ, ತಪ್ಪಲಿಕ್ಕೆ ಜಾಗವಿಲ್ಲ ಅಂತ ಅವರ ಲೆಕ್ಕಾಚಾರ. ನಾನು ಅದರಲ್ಲೂ ತಪ್ಪುತ್ತಿದ್ದೆ.

ಒಳ್ಳೆ ಕಂಠದ ಮಕ್ಕಳಿಗೆ ಒಬ್ಬೊಬ್ಬರಿಗೇ ಪ್ರತ್ಯೇಕ ಶ್ರುತಿಪಾಠ ಅಂತ ಒಂದು ಕ್ರಮ ಮಾಡಿದ್ರು ಮಾಷ್ಟ್ರು. ಆ ಪಕ್ಕದ ಕೋಣೆಯಲ್ಲಿ. ಗಾಳಿ ಬಂದ್ರೆ ಶ್ರುತಿ ನಿಲ್ಲುವುದಿಲ್ಲ ಅಂತ ಬಾಗಿಲು ಹಾಕಿಕೊಳ್ತಿದ್ರು. ನಾವು ಹೊರಗಿನಿಂದ ಹಾದು ಹೋಗುವವರು ಚಪ್ಪಲಿ ಸದ್ದು ಮಾಡದೆ ಮೆಲ್ಲ ಹೋಗ್ತಿದ್ದೆವು.

ಮಕ್ಕಳಲ್ಲಿ ಎಲ್ಲರಿಗಿಂತ ಚಂದ ಹಾಡುವವ ಗಿರೀಶ, ಐದನೇ ಕ್ಲಾಸು. ಅಪ್ಪ ಮುಂಬೈ ಹೋಟೆಲಿನಲ್ಲಿ, ಅಬ್ಬಿ ಮೀನು ಒಣಗಿಸುವ ಕೆಲಸಕ್ಕೆ ಹೋಗುವವಳು. ಅವ ಒಂದು ದಿನ ಭಜನೆಗೆ ಬರುವುದು ನಿಲ್ಲಿಸಿದ. ಕರ್ಕೊಂಡು ಬಾ ಅಂತ ನನ್ನನ್ನು ಕಳಿಸಿದ್ರು. ಸೈಕಲಿನ ಹಿಂದೆ ಕೂರಿಸಿಕೊಂಡು, ತಮಾಷೆ ಮಾಡ್ತಾ ಹೊರಟೆ. ಮಂದಿರದ ತಿರುವು ಬಂದದ್ದೇ ತಡ, ಅವ ಹಾರಿ ಓಡಿದ. ಹಿಂದೆ ತಿರುಗಿ ನೋಡುವ ಗಡಿಬಿಡಿಯಲ್ಲಿ ನಾನು ಸೈಕಲ್ ಸಮೇತ ತೋಡಿಗೆ ಬಿದ್ದೆ. ಅವ ಓಡಿದ್ದು ಎಲ್ಲಿಗೆ ಅಂದ್ರೆ ಚಿಕ್ಕಿಯ ಮನೆಯ ಹಿತ್ತಿಲಿಗೆ. ಚಿಕ್ಕಿ ಬಂಗುಡೆ ಕೊಯ್ತಾ ಕೂತಿದ್ದಳು.

ನಾನು ಕೆಸರಾಗಿ ಬಂದು ಬಾವಿಕಟ್ಟೆಯಲ್ಲಿ ಕಾಲು ತೊಳೆಯುವಾಗ ಅವರಿಬ್ಬರನ್ನೂ ನೋಡ್ತಾ ಇದ್ದೆ. ಚಿಕ್ಕಿ ಏನೂ ಕೆದಕಿ ಕೇಳಲಿಲ್ಲ. "ಕೂಕೋ ಮಾಣಿ," ಅಂತ ಮಣೆ ತಳ್ಳಿದಳು, ಅಷ್ಟೇ. ಗಿರೀಶ ಅವಳ ಮುಖ ನೋಡಲಿಲ್ಲ. ಮೀನಿನ ಹತ್ರ ಮಾತಾಡಿದ ಹಾಗೆ, ತಲೆ ಬಗ್ಗಿಸಿಕೊಂಡು, ಬುಟ್ಟಿಗೆ ಹೇಳಿದ. ಚಿಕ್ಕಿ ಕತ್ತಿ ನಿಲ್ಲಿಸಲಿಲ್ಲ. ಅವಳು ನಿಲ್ಲಿಸಿದ್ರೆ ಅವನೂ ನಿಲ್ಲಿಸ್ತಿದ್ದ ಅಂತ ಅವಳಿಗೆ ಗೊತ್ತಿತ್ತು. ಅವ ಹೇಳಿದ್ದನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವನದ್ದು. ಬಾಗಿಲು ಹಾಕಿದ ಕೋಣೆಯಲ್ಲಿ ಮಾಷ್ಟ್ರು ಮಗುವಿಗೆ ಮಾಡಬಾರದ್ದು ಮಾಡಿದ್ರು ಅನ್ನುವಷ್ಟು ನಿಮಗೆ ಗೊತ್ತಾದ್ರೆ ಸಾಕು.

ಅವ ಮುಗಿಸಿದ ಮೇಲೆ ಚಿಕ್ಕಿ ಕೈ ತೊಳೆದು ಬಂದು ಹೇಳಿದ್ದು ಇಷ್ಟು: "ನೀ ಹೇಳಿದ್ ಒಳ್ಳೇದಾಯ್ತ್ ಮಗಾ. ನಿಂದ್ ಎಂತದೂ ತಪ್ಪಿಲ್ಲೆ. ಉಂಡ್ಕಂಡ್ ಹೋಗ್."

ಚಿಕ್ಕಪ್ಪನಿಗೆ ವಿಷಯ ಹೇಳಿದಾಗ ಅವರು ಅವತ್ತು ಊಟ ಮಾಡಲಿಲ್ಲ. ಮಾಷ್ಟ್ರನ್ನು ಕರೆದು ಕೇಳಿದ್ರು. ಮಾಷ್ಟ್ರು ಇಲ್ಲ ಅನ್ನಲಿಲ್ಲ. ತಪ್ಪಾಯ್ತು, ದೇವರಿಗೆ ತಪ್ಪುಕಾಣಿಕೆ ಹಾಕಿ ಹೊರಟು ಹೋಗ್ತೇನೆ ಅಂದ್ರಂತೆ. ಮರುದಿನ ಸಮಿತಿ ಸೇರಿತು.

ತಪ್ಪುಕಾಣಿಕೆ ಅಂದ್ರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ದೇವರ ಸನ್ನಿಧಿಯಲ್ಲಿ ಎಡವಟ್ಟಾದ್ರೆ ಒಂದು ನಾಣ್ಯ ಬಟ್ಟೆಯಲ್ಲಿ ಕಟ್ಟಿ, ಹರಿವಾಣದಲ್ಲಿ ಇಟ್ಟು, ತಪ್ಪಾಯ್ತು ಅಂತ ಕೈ ಮುಗಿಯುವುದು. ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಆ ಸುದ್ದಿ ಎತ್ತುವ ಹಾಗಿಲ್ಲ. ಒಳ್ಳೆ ಕ್ರಮವೇ. ಹರಕೆ ಮರೆತದ್ದಕ್ಕೆ, ಮಂದಿರದ ಹಲಸಿನಹಣ್ಣು ಕದ್ದದ್ದಕ್ಕೆ, ದೀಪದ ಎಣ್ಣೆ ಸೈಕಲ್ ಚೈನಿಗೆ ಬಿಟ್ಟದ್ದಕ್ಕೆ ನಾನು ಹಾಕಿದ ಕಾಣಿಕೆಯಲ್ಲೇ ದೇವರು ಒಂದು ಕಂಚಿನ ಗಂಟೆ ಮಾಡಿಸಿಕೊಳ್ಳಬಹುದಿತ್ತು. ಸಮಿತಿಯವರಿಗೂ ಆ ದಾರಿಯೇ ಹೊಳೆಯಿತು. ಮಾಷ್ಟ್ರು ಕಾಣಿಕೆ ಹಾಕಲಿ. ಕೆರಾಡಿ ಬದಿಯ ಒಂದು ಮಂದಿರದವರು ಭಜನೆ ಕಲಿಸುವವರನ್ನು ಹುಡುಕ್ತಾ ಇದ್ದಾರೆ, ಅಲ್ಲಿಗೆ ಕಳಿಸುವ. ಮಗುವಿನ ಮರ್ಯಾದೆ ಉಳೀತದೆ, ಮಂದಿರದ ಹೆಸರೂ ಉಳೀತದೆ. ಕೆಟ್ಟ ಜನ ಅಲ್ಲ ಅವರು ಯಾರೂ. ಹೆದರಿದ ಜನ. ಹರಿವಾಣ ಬಂತು. ಮಾಷ್ಟ್ರು ನಾಣ್ಯ ಕಟ್ಟಿಕೊಂಡೇ ಬಂದಿದ್ರು, ಬಾಗಿಲ ಹತ್ರ ನಿಂತಿದ್ರು.

ಚಿಕ್ಕಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮಹಿಳಾ ಮಂಡಳಿಯ ಅಧ್ಯಕ್ಷೆಗೆ ಮೀಟಿಂಗಿಗೆ ಬರುವ ಹಕ್ಕು ಉಂಟು. ಮಾತಾಡುವ ಹಕ್ಕು ಉಂಟಾ ಅಂತ ಅಲ್ಲಿವರೆಗೆ ಯಾರೂ ಕೇಳಿ ನೋಡಿರಲಿಲ್ಲ.

"ಅಧ್ಯಕ್ಷ್ರೇ, ಒಂದ್ ಮಾತ್," ಅಂದಳು. ಮನೆಯಲ್ಲಿ ಹ್ವಾಯ್ ಅಂತ ಕರೆಯುವ ಗಂಡನನ್ನು. "ಈ ಕಾಣಿಕೆ ಯಾರಿಗೆ?"

"ದೇವ್ರಿಗೆ," ಅಂದ್ರು ಚಿಕ್ಕಪ್ಪ.

"ದೇವ್ರಿಗ್ ಎಂತ ಮಾಡಿದ್ರ್ ಇವ್ರ್? ಮಾಡಿದ್ ಗಿರೀಶಂಗೆ. ಗಿರೀಶಂಗ್ ಮಾಡಿದ್ದಕ್ಕೆ ದೇವ್ರ್ ಕಾಣಿಕೆ ತಕಂಬ್ದಾ?"

ಯಾರೋ ಒಬ್ಬರು, ಕಾವೇರಕ್ಕ ನೀವ್ ಒಂಚೂರ್ ಸುಮ್ನಿರಿ ಅಂದ್ರು.

"ಸುಮ್ನಿರ್ತೆ. ಇನ್ನೊಂದ್ ಕೇಂತೆ, ಅದಕ್ ಉತ್ರ ಹೇಳಿ. ಕೆರಾಡಿಯಂಗೆ ಮಕ್ಳಿಲ್ಯಾ?"

ಚಿಕ್ಕಿ ಸ್ವರ ಏರಿಸಲಿಲ್ಲ. ಏರಿಸಿದ್ರೆ ನಮಗೆ ಸುಲಭ ಆಗ್ತಿತ್ತು, ಹೆಂಗಸು ಸಿಟ್ಟಿನಲ್ಲಿ ಹೇಳಿದ್ದು ಅಂತ ಬಿಟ್ಟುಬಿಡಬಹುದಿತ್ತು.

"ನಮ್ಗ್ ಇವ್ರನ್ನ ಕಳ್ಸಿದ್ರಲ್ಲ," ಅಂದಳು, "ಅವ್ರೂ ಹೀಂಗೇ ಒಂದ್ ಹರಿವಾಣ ಇಟ್ಟೇ ಕಳ್ಸಿರ್ಕ್. ಅಧ್ಯಕ್ಷ್ರ್ ಶಾಲ್ ಹೊದ್ಸಿ ಕರ್ಕಂಡ್ ಬಂದ್ರ್."

ನಾನು ಚಿಕ್ಕಪ್ಪನ ಮುಖ ನೋಡಿದೆ. ಬೋಟು ಮಗುಚಿ ರಾತ್ರಿಯಿಡೀ ನೀರಿನಲ್ಲಿ ಇದ್ದು ಬಂದವರು ಅವರು, ಆಗಲೂ ಅವರ ಮುಖ ಇಷ್ಟು ಇಳಿದಿರಲಿಲ್ಲ. ಊರಿಗೆ ಮಾಷ್ಟ್ರನ್ನು ತಂದ ಕೀರ್ತಿ ಅವರದ್ದು. ಕೊಲ್ಲೂರಿನ ಹೆಮ್ಮೆ ಅವರದ್ದು. ಅದನ್ನೆಲ್ಲ ಬಿಡುವುದಾದ್ರೆ ಎಲ್ಲರಿಗಿಂತ ಹೆಚ್ಚು ಕಳ್ಕೊಳ್ಳುವವರು ಅವರು. ಅವರು ಎದ್ದು ಹರಿವಾಣವನ್ನು ತಾವೇ ಎತ್ತಿ, ದೇವರ ಎದುರಿಂದ ತೆಗೆದು, ಕವುಚಿ ಮೂಲೆಗೆ ಇಟ್ಟರು.

"ಈ ಕಾಣಿಕೆ ಮಂದಿರಕ್ಕೆ ಬ್ಯಾಡ," ಅಂದ್ರು. "ಇವ್ರ್ ಎಲ್ಲಿಗೂ ಹೋಪ್ಕಾಗ. ಮಾಣಿ, ಜೀಪ್ ತೆಗಿ. ಸ್ಟೇಶನ್ನಿಗ್ ಹೋಪ. ದೂರ್ ಕೊಡೂದ್ ನಾನ್, ಮಂದಿರದ್ ಅಧ್ಯಕ್ಷ."

ಮಾಷ್ಟ್ರನ್ನು ಸಮಿತಿಯವರ ನಡುವೆ ಕೂರಿಸಿ, ಗಿರೀಶನ ಅಬ್ಬಿಯನ್ನು ಮನೆಯಿಂದ ಹತ್ತಿಸಿಕೊಂಡು ನಾವು ಹೊರಟೆವು. ಈ ಗಂಭೀರ ಹೊತ್ತಿನಲ್ಲಿ ನಾನೇನು ಮಾಡಿದೆ ಕೇಳಿ. ಆ ಜೀಪು ದಿನಾ ಮೀನಿನ ಬಾಕ್ಸು ತರಲಿಕ್ಕೆ ಹೋಗುವಂಥದ್ದು. ಹಿಡಿದ ಸ್ಟೇರಿಂಗು ಹಿಡಿದ ಹಾಗೆ, ಪೊಲೀಸ್ ಸ್ಟೇಶನ್ನಿನ ದಾರಿ ಬಿಟ್ಟು ಸೀದಾ ಬಂದರಿನ ದಕ್ಕೆಗೆ ಹೋಗಿ ನಿಲ್ಲಿಸಿದೆ. ಅಲ್ಲಿನ ಹಮಾಲಿ ಬಂದು ಹಿಂದಿನ ಬಾಗಿಲು ತೆಗೆದ, ಒಳಗೆ ನೋಡಿದ್ರೆ ಬಾಕ್ಸಿನ ಬದಲು ಚಿಕ್ಕಿ. "ಮೀನ್ ತರೂಕೆ ಹೊರ್ಟದ್ದಲ್ಲ ಮಾಣಿ," ಅಂದಳು. ಅಷ್ಟು ಹೊತ್ತು ಅಳ್ತಾ ಇದ್ದ ಗಿರೀಶನ ಅಬ್ಬಿ ಸೆರಗು ಬಾಯಿಗೆ ಹಿಡಿದು ಒಮ್ಮೆ ನಕ್ಕಳು. ನನ್ನ ಜೀವಮಾನದ ಮೂರ್ಖತನಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಆಮೇಲೆ ಸುಲಭ ಇರಲಿಲ್ಲ. ಮಠದಿಂದ ಫೋನು ಬಂತು, ಊರೊಳಗೇ ಮುಗಿಸಬಹುದಿತ್ತಲ್ಲ ಅಂತ. "ನಾವೂ ಹಾಂಗೇ ಹೊರ್ಟಿದ್ದ್ ಸ್ವಾಮಿ, ಮನಿಯಾಕೆ ಬಿಡ್ಲಿಲ್ಲ," ಅಂದ್ರು ಚಿಕ್ಕಪ್ಪ. ಆಮೇಲೆ ಮೆಲ್ಲ ಕೇಳಿದ್ರು, "ನಿಮ್ಮಲ್ಲಿಗ್ ಬಪ್ಪು ಮೊದ್ಲ್ ಇವ್ರ್ ಎಲ್ಲಿದ್ದಿರ್?" ಆ ಕಡೆಯವರು ಫೋನು ಇಟ್ಟರು.

ಶನಿವಾರದ ಭಜನೆಯಲ್ಲಿ ಚಿಕ್ಕಪ್ಪ ಎದ್ದು ನಿಂತು, ಮಗುವಿನ ಹೆಸರು ಎತ್ತದೆ, ನಮ್ಮ ಮಂದಿರದಲ್ಲಿ ಹೀಗಾಯ್ತು, ಕರ್ಕೊಂಡು ಬಂದವ ನಾನು, ಬೇರೆ ಯಾವ ಮಗುವಿಗೆ ಏನು ಹೇಳಲಿಕ್ಕಿದ್ರೂ ಕಾವೇರಿ ಹತ್ರ ಬಂದು ಹೇಳಿ ಅಂದ್ರು. ಅರ್ಧ ಜನ ಬರುವುದು ಬಿಟ್ಟರು. ಆ ವರ್ಷ ಕೊಲ್ಲೂರಿಗೆ ಹೋಗಲಿಲ್ಲ. ಮಂದಿರದ ಮರ್ಯಾದೆ ಬೀದಿಗೆ ತಂದ್ರು ಅಂತ ಮೀನು ಮಾರ್ಕೆಟ್ಟಿನಲ್ಲಿ ಚಿಕ್ಕಿಗೆ ಕೇಳುವ ಹಾಗೆ ಹೇಳಿದವರುಂಟು. "ಒಳಗಿದ್ದ ಕೊಳೆ ಬೀದಿಗ್ ಬಂದದ್ದ್. ಮರ್ಯಾದಿ ಇನ್ನೂ ಒಳಗೇ ಇತ್ತ್, ಬಂದ್ ಕಾಣಿ," ಅಂದಳು ಅವಳು, ಮತ್ತೆ ಸಿಗಡಿಗೆ ರೇಟು ಕೇಳಿದಳು. ಇನ್ನೆರಡು ಮನೆಯ ಮಕ್ಕಳು ಬಂದು ಅವಳ ಹತ್ರ ಹೇಳಿದ್ರು. ಕೇಸು ವರ್ಷಗಟ್ಟಲೆ ನಡೆಯಿತು. ಪ್ರತಿ ತಾರೀಕಿಗೂ ಚಿಕ್ಕಿ ಹೋದಳು. ಕೊನೆಗೆ ಶಿಕ್ಷೆ ಆಯ್ತು.

ಬಾಗಿಲಿನ ಕತೆ ಇನ್ನೂ ಉಂಟು. ಸ್ಟೇಶನ್ನಿಂದ ಬಂದ ಮರುದಿನ ಬೆಳಿಗ್ಗೆ ಚಿಕ್ಕಪ್ಪ ಗಿರೀಶನ ಮನೆಗೆ ಹೋದ್ರು. ನಾನೂ ಇದ್ದೆ. ಎರಡು ಬೋಟಿನ ಧಣಿ, ಅಂಗಳದಲ್ಲಿ ಒಣಮೀನಿನ ಪಕ್ಕ ನಿಂತು, ಹನ್ನೊಂದು ವರ್ಷದ ಮಾಣಿಗೆ ಕೈ ಮುಗಿದ್ರು. "ತಪ್ಪಾಯ್ತ್ ಮಗಾ," ಅಂದ್ರು. ನಾಣ್ಯ ಇಲ್ಲ, ಹರಿವಾಣ ಇಲ್ಲ.

ಗಿರೀಶ ಕಂಬದ ಹಿಂದೆ ನಿಂತಿದ್ದ. "ಅವ್ರ್ ಬತ್ರಾ ಇನ್ನ್?" ಅಂದ.

"ಇಲ್ಲೆ."

"ಆ ಕೋಣಿ ಬಾಗ್ಲ್?"

ನಾನಾದ್ರೆ ಏನಾದ್ರೂ ಸಮಾಧಾನ ಹೇಳಿ ಬರ್ತಿದ್ದೆ. ಚಿಕ್ಕಪ್ಪ ಸೀದಾ ಮಂದಿರಕ್ಕೆ ಬಂದು, ಆಚಾರಿಯನ್ನೂ ಕಾಯದೆ, ಬೋಟಿನ ಸ್ಪ್ಯಾನರು ಸುತ್ತಿಗೆ ಹಿಡಿದು ಬಾಗಿಲನ್ನು ಬಿಜಾಗರಿ ಸಮೇತ ಕಿತ್ತರು. ನಾನು ಕೆಳಗಿನ ತುದಿ ಹಿಡಿದಿದ್ದೆ. ಹಿಡಿದಿದ್ದೆ ಅಂತ ಅವರು ನಂಬಿದ್ರು, ಬಾಗಿಲು ನನ್ನ ಕಾಲಿನ ಮೇಲೆ ಬಂತು. ಆ ಹೆಬ್ಬೆರಳಿನ ಉಗುರು ಈಗಲೂ ಡೊಂಕು. ಆ ಬಾಗಿಲಿಗೆ ನಾಲ್ಕು ಕಾಲು ಹೊಡೆದು ಮೇಜು ಮಾಡಿದ್ದೇವೆ. ಪನಿವಾರ ಬಡಿಸುವುದು ಅದರ ಮೇಲೆಯೇ. ಇಬ್ಬರು ದೊಡ್ಡವರ ನಿಯಮ ಚಿಕ್ಕಿ ಮಾಡಿದ್ದು. ಮಕ್ಕಳ ಕೈಗೆ ಸಿಕ್ಕುವ ಹಾಗೆ ಏನಾದ್ರೂ ಸದ್ದು ಮಾಡುವಂಥದ್ದು ಬೇಕು ಅಂದಾಗ ಎಲ್ಲರೂ ಒಟ್ಟಿಗೆ ನನ್ನ ಕೈಯ ಜಾಗಟೆ ನೋಡಿದ್ರು. ಭಜನೆಗೂ ಅದರಿಂದ ಉಪಕಾರ ಆಯ್ತು ಅಂತಾರೆ. ನಾನು ಒಪ್ಪುವುದಿಲ್ಲ.

ಗಿರೀಶ ಮತ್ತೆ ಭಜನೆಗೆ ಬರಲಿಕ್ಕೆ ಎರಡು ವರ್ಷ ಹಿಡಿಯಿತು. ಮೊದಲು ಹೊರಗಿನ ಕಟ್ಟೆಯಲ್ಲಿ ಕೂತು ಕೇಳುವವ. ಆಮೇಲೆ ಒಳಗೆ. ಈಗ ಯಡ್ತರೆಯಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದಾನೆ, ಶನಿವಾರ ಮುಂದೆ ಕೂತು ಹಾಡುವವ ಅವನೇ.

ಹಾಗಾಗಿ ಹೋದ ಶನಿವಾರ ಬಾಲ ಸಿಕ್ಕಿಸಿಕೊಂಡು ನಿಂತ ಹುಲಿಯನ್ನು ಬಿಡಿಸಲಿಕ್ಕೆ ಪ್ಲಾಯರು ತಂದವನೂ ಅವನೇ. ಹೊರಗೆ ಇನ್ನೂ ನಗು ನಿಂತಿರಲಿಲ್ಲ. ಚಿಕ್ಕಿ ಅಂತೂ ನಕ್ಕು ನಕ್ಕು ಕಣ್ಣು ಒರೆಸಿಕೊಳ್ತಾ ಇದ್ದಳು. ಚಿಕ್ಕಪ್ಪ ಮಾತ್ರ ಶ್ರಾವ್ಯಳನ್ನು ಎದುರು ನಿಲ್ಲಿಸಿಕೊಂಡು, ಬುಟ್ಟಿಯ ರಟ್ಟಿನ ಬಂಗುಡೆ ಒಂದೊಂದೇ ಎತ್ತಿ, ಇದಕ್ಕೆ ಎಷ್ಟು, ಇದಕ್ಕೆ ಎಷ್ಟು ಅಂತ ಚೌಕಾಶಿ ಮಾಡ್ತಾ ಇದ್ರು. ಅವರಿಗೆ ಅಷ್ಟು ಖುಷಿ ಆದದ್ದು ನಾನು ಕಂಡದ್ದು ಕಡಿಮೆ. ನಾನು ಮುಖ ಉಬ್ಬಿಸಿಕೊಂಡು, ನನ್ನನ್ನೇ ಹೊರಗೆ ಹಾಕಿದಳಲ್ಲ ಮಾರಾಯ, ನಾನೇ ಕಲಿಸಿದ್ದು ಅಂತ ಗೊಣಗಿದೆ.

ಗಿರೀಶ ಸರಳಿನಿಂದ ತಂತಿ ಬಿಡಿಸ್ತಾ, ತಲೆ ಎತ್ತದೆ ಹೇಳಿದ:

"ಬೇಜಾರ್ ಮಾಡ್ಕಣ್ಬೇಡಿ ಅಣ್ಣ. ಆವತ್ ನಂಗ್ ಹೇಳೂಕೆ ಮಾತೇ ಇರ್ಲಿಲ್ಲ, ಮೀನಿನ್ ಹತ್ರ ಹೇಳಿದೆ. ಇವ್ಳ್ ಕಾಣಿ, ಹುಲಿ ಹತ್ರವೇ ಹೇಳ್ದಳ್."